ದಾಕ್ಷಿಯ ಬಲಮಂಡಿ

ದಾಕ್ಷಿಯ ಬಲಮಂಡಿಯ ನೋವು ನನ್ನ ಪಾಲಿಗೆ ಬಂದದ್ದು ಅದು ಎರಡನೇ ಸಲ. ಮೊದಲ ಸಲ ಲೀಗ್ ಪಂದ್ಯಗಳು ಶುರುವಾದ ಹೊಸದರಲ್ಲಿ ಹದಿನೈದು ದಿನ ಇಟ್ಟುಕೊಂಡಿದ್ದೆ. ಆಮೇಲೆ ಆರು ಜನರ ಕೈ ದಾಟಿ, ಸೆಮಿಫೈನಲ್ ಹೊತ್ತಿಗೆ ಸರಿಯಾಗಿ ಮತ್ತೆ ನನ್ನ ಪಾಳಿ. ನಾನು ಸಿಟಿ ಬಸ್ಸಿನ ಕಂಡಕ್ಟರ್, ಹೆಸರು ಕೊಟ್ರಮ್ಮ. ದಿನಕ್ಕೆ ಒಂಬತ್ತು ಟ್ರಿಪ್ಪು, ಕೂತುಕೊಳ್ಳುವ ಭಾಗ್ಯ ಊಟದ ಹೊತ್ತಿಗೆ ಮಾತ್ರ. ಇಂಥವಳ ಕಾಲಿಗೆ ಇನ್ನೊಬ್ಬಳ ಕಾಲಿನ ನೋವು ಅಂಟಿಸುವವರಿಗೆ ಒಂದಿಷ್ಟಾದರೂ ಕರುಣೆ ಬೇಡವೇ? ಆದರೆ ದಾಕ್ಷಿ, ಅಂದರೆ ದಾಕ್ಷಾಯಿಣಿ, ನನ್ನ ಗಂಡನ ತಂಗಿ. ನಾದಿನಿಯ ನೋವನ್ನು ಅತ್ತಿಗೆ ಇಸ್ಕೊಳ್ಳದೆ ಇನ್ಯಾರು ಇಸ್ಕೋಬೇಕು ಎಂದು ಊರು ಮಾತಾಡಿಕೊಂಡಿತು. ನಾನೂ ಹೂಂ ಅಂದೆ. ಬೇರೆ ಏನನ್ನಲಿ?

ನೋವು ಇಸ್ಕೊಳ್ಳುವುದು ನಮ್ಮೂರಲ್ಲಿ ಮೊದಲಿನಿಂದ ಇರುವುದೇ. ನೋಯುವ ಜಾಗದ ಮೇಲೆ ಅಂಗೈ ಇಟ್ಟು "ಕೊಡ್ತೀಯಾ?" ಅನ್ನಬೇಕು. ಅವರು "ತಗೋ" ಅನ್ನಬೇಕು. ಅಷ್ಟಾದರೆ ಅವರ ನೋವು ನಮ್ಮ ಮೈಯ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಅಲ್ಲಿ ಹೊಸದಾಗಿ ಪೆಟ್ಟು ಬಿದ್ದರೂ ಪೆಟ್ಟು ಅವರಿಗೆ, ನೋವು ನಮಗೆ. ಪರೀಕ್ಷೆಗೆ ಕೂತ ಮಕ್ಕಳ ತಲೆನೋವನ್ನು ತಾಯಂದಿರು ಇಸ್ಕೊಂಡು ಗೇಟಿನ ಹೊರಗೆ ಹಣೆ ಹಿಡಿದು ಕೂರುತ್ತಾರೆ. ನಮ್ಮ ಬೀದಿಯ ಇಬ್ಬರು ಮುದುಕರು, ನಿನ್ನ ಹಲ್ಲು ನನಗಿರಲಿ ನನ್ನ ಸೊಂಟ ನಿನಗಿರಲಿ ಎಂದು ಅದಲು ಬದಲು ಮಾಡಿಕೊಂಡು, ಒಂದೇ ವಾರಕ್ಕೆ ಇಬ್ಬರೂ ನನ್ನದೇ ವಾಸಿಯಿತ್ತು ಕಣಯ್ಯಾ ಎಂದು ಜಗಳಕ್ಕೆ ಬಿದ್ದಿದ್ದರು. ಹೆರಿಗೆ ಆಸ್ಪತ್ರೆಯ ಹೊರಗೆ ಬೆಂಚು ಕಚ್ಚಿ ಹಿಡಿದ ಅತ್ತೆಯರನ್ನು ನೋಡಿ ನಗುವವರು ಬೇರೆ ಊರಿನವರು. ನಮಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ.

ಆದರೆ ಇಸ್ಕೊಂಡ ಮೇಲೆ ಎರಡು ಮರ್ಯಾದೆಗಳಿವೆ. ಒಂದು, ಎಷ್ಟು ನೋಯುತ್ತಿದೆ ಎಂದು ಬಾಯಿ ಬಿಡಬಾರದು. ಬಿಟ್ಟರೆ ಕೊಟ್ಟವರನ್ನು ಹಂಗಿಸಿದ ಹಾಗೆ. ಎರಡನೆಯದು, ಕೈಲಾಗದಿದ್ದರೆ ಇನ್ನೊಬ್ಬರಿಗೆ ದಾಟಿಸಬಹುದು, ಆದರೆ ನೋವು ಯಾರದೋ ಅವರಿಗೇ ವಾಪಸ್ ಕೊಡಬಾರದು. ಕೊಡುವುದೇನೋ ಸುಲಭ. ಅದಕ್ಕೆ ಅವರ ಒಪ್ಪಿಗೆ ಕೂಡ ಬೇಡ, ಅಂಗೈ ಇಟ್ಟು "ನಿಂದು ನಿಂಗೆ" ಅಂದರೆ ಮುಗಿಯಿತು. ಹಿಂದೆ ಒಂದು ಮದುವೆಯಲ್ಲಿ ಗಂಡಿನ ಕಡೆಯವನೊಬ್ಬ ಹೆಣ್ಣಿನ ತಂದೆಯ ಹೊಟ್ಟೆನೋವನ್ನು ಊಟದ ಪಂಕ್ತಿಯಲ್ಲೇ ವಾಪಸ್ ಕೊಟ್ಟನಂತೆ. ಆ ಎರಡು ಮನೆಗಳ ನಡುವೆ ಇವತ್ತಿಗೂ ನೀರು ನಿಡಿ ಇಲ್ಲ.

ಇನ್ನು ಆಟದ ವಿಷಯ. ಎಂಟು ಊರುಗಳ ಹೆಂಗಸರ ಬಾಸ್ಕೆಟ್‌ಬಾಲ್ ಲೀಗು ನಮ್ಮದು. ಮೊದಲ ನಾಲ್ಕು ಸ್ಥಾನದವರಿಗೆ ಪ್ಲೇಆಫ್, ಅಂದರೆ ಸೆಮಿಫೈನಲ್ಲು, ಗೆದ್ದರೆ ಫೈನಲ್ಲು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ತಂಡ ಆರನೆಯದೋ ಏಳನೆಯದೋ ಆಗಿ, ಕೋಚ್ ವಿಕ್ಟರ್ ಸರ್ ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎಂದು ಹೇಳಿ, ಮುಗಿಯುತ್ತಿತ್ತು. ಆಮೇಲೆ ದಾಕ್ಷಿ ಬೆಳೆದಳು. ಐದಡಿ ಹನ್ನೊಂದು ಇಂಚು, ಬಾಗಿಲಿಗೆ ತಲೆ ಬಗ್ಗಿಸಿ ಬರುವ ಹುಡುಗಿ. ಮನೆಯಲ್ಲಿ ಒಂದು ಲೋಟ ಎತ್ತಿಡಲು ಸೋಮಾರಿತನ, ಕೋರ್ಟಿಗೆ ಇಳಿದರೆ ಅವಳನ್ನು ಹಿಡಿಯಲು ಮೂರು ಜನ ಬೇಕು. ತಂಡ ಅರವತ್ತು ಪಾಯಿಂಟು ಹೊಡೆದರೆ ಅದರಲ್ಲಿ ಇಪ್ಪತ್ತಾರು ಇಪ್ಪತ್ತೇಳು ಅವಳದು. ಈ ವರ್ಷ ನಾವು ನಾಲ್ಕನೆಯವರಾಗಿ ಪ್ಲೇಆಫಿಗೆ ಬಂದೆವು. ಊರಿಗೆ ಊರೇ ಹುಚ್ಚೆದ್ದು ಹೋಯಿತು. ನಮ್ಮ ಬಸ್ಸಿನ ಹಿಂಭಾಗದಲ್ಲಿ ದಾಕ್ಷಿಯ ಚಿತ್ರ ಬರೆಸಿದರು. ಮೂಗು ಮಾತ್ರ ಯಾರದೋ.

ಅವಳಿಗೆ ಪೆಟ್ಟುಗಳೇನು ಒಂದೇ ಎರಡೇ? ಲೀಗಿನ ಮೊದಲ ವಾರ ಬಲಮಂಡಿ ತಿರುಚಿಕೊಂಡಿತು. ಎರಡನೇ ತಿಂಗಳು ಎಡಭುಜ. ಆಮೇಲೆ ಬಲಗೈಯ ಉಂಗುರದ ಬೆರಳು. ಭುಜವನ್ನು ಪ್ರೈಮರಿ ಶಾಲೆಯ ಹೆಡ್‌ಮಾಸ್ಟರ್ ಇಸ್ಕೊಂಡರು. ಎಡಗೈಯಲ್ಲಿ ಬರೆಯುವವರು, ಅಂದಿನಿಂದ ಬೋರ್ಡಿನ ಕೆಳಗಿನ ಅರ್ಧದಲ್ಲೇ ಪಾಠ. ಬೆರಳನ್ನು ಇಸ್ಕೊಂಡ ಹೂವಿನ ಪಂಕಜಮ್ಮ ಉಳಿದ ಬೆರಳುಗಳಲ್ಲಿ ಕಟ್ಟುತ್ತಿದ್ದರು, ಮಾಲೆಗಳು ಸಡಿಲವಾಗಿ ಮುಡಿದ ಅರ್ಧ ಗಂಟೆಗೇ ಉದುರುತ್ತಿದ್ದವು. ಯಾರೂ ಗೊಣಗಲಿಲ್ಲ. ಮಂಡಿ ಮಾತ್ರ ಯಾರೊಬ್ಬರೂ ನಾಲ್ಕು ತಿಂಗಳು ಹೊರುವಂಥದ್ದಲ್ಲ ಎಂದು ಹದಿನೈದು ದಿನಕ್ಕೊಬ್ಬರಂತೆ ಪಾಳಿ ಮಾಡಿದರು. ಹಿಟ್ಟಿನ ಗಿರಣಿಯ ಪುಟ್ಟಸ್ವಾಮಿ ಕುಂಟುತ್ತಿದ್ದರೆ, ಓಹೋ ಈಗ ಇವರದ್ದು ಎಂದು ಜನ ಕುರ್ಚಿ ಕೊಡುತ್ತಿದ್ದರು. ನನಗೂ ಡ್ರೈವರ್ ಒಂದು ಸ್ಟೂಲು ಹಾಕಿಕೊಟ್ಟ. ತುಂಬಿದ ಬಸ್ಸಿನಲ್ಲಿ ಸ್ಟೂಲು ಇಟ್ಟುಕೊಂಡು ನಾನೇನು ಮಾಡಲಿ, ನನ್ನ ತಲೆ.

ಮೊದಲ ಸಲ ಆ ನೋವು ಹೇಗಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಮೆಟ್ಟಿಲು ಹತ್ತುವಾಗ ಚುಳುಕ್ ಅನ್ನುವುದು, ಬೆಳಿಗ್ಗೆ ಎದ್ದಾಗ ಮಂಡಿ ಬಿಗಿಯುವುದು, ಬಿಸಿನೀರು ಹಾಕಿಕೊಂಡರೆ ಸಡಿಲವಾಗುವುದು. ಅಷ್ಟು ನೋವು ನನ್ನ ವಯಸ್ಸಿಗೆ ನನ್ನ ಸ್ವಂತದ್ದೇ ಇದೆ. ಎರಡನೇ ಸಲ ಗಿರಣಿ ಪುಟ್ಟಸ್ವಾಮಿಯ ಮಂಡಿಯ ಮೇಲೆ ಕೈಯಿಟ್ಟು "ಕೊಡ್ತೀರಾ?" ಅಂದೆ. "ತಗೊಳಮ್ಮ" ಅಂದ ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ನೋವು ಬಂದು ಕೂತ ಕೂಡಲೇ ನಾನು ಗಿರಣಿಯ ಜಗುಲಿ ಹಿಡಿದುಕೊಂಡೆ. ಬೀಸುವ ಕಲ್ಲಿನ ನಡುವೆ ಬೆಣಚುಕಲ್ಲು ಸಿಕ್ಕಿದ ಹಾಗೆ ಒಳಗೆ ಕರಕರ ಅನ್ನುತ್ತಿತ್ತು. ಕಾಲು ನೆಲಕ್ಕೆ ಊರಿದರೆ ಸಾಕು, ಕಣ್ಣಿಗೆ ಕತ್ತಲೆ. ಪುಟ್ಟಸ್ವಾಮಿ ಎರಡು ಹೆಜ್ಜೆ ಸರಾಗವಾಗಿ ನಡೆದು, ನಿಂತು, "ತಾಯಿ, ತಪ್ಪು ತಿಳ್ಕೋಬೇಡ" ಅಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಅದಕ್ಕಿಂತ ಮುಂಚೆ ಹೇಗಿತ್ತೆಂದು ಗೊತ್ತಿರಲಿಲ್ಲ. ಅವರಿಗೆ ದಾಟಿಸಿದವರಿಗೂ ಗೊತ್ತಿರಲಿಲ್ಲ. ಆರು ಜನ ಆರು ಸಲ, ಇದು ಇರುವುದೇ ಹೀಗೆ ಅಂದುಕೊಂಡು ಹಲ್ಲು ಕಚ್ಚಿ ಮುಂದಿನವರಿಗೆ ಕೊಟ್ಟಿದ್ದರು. ಎರಡು ಸಲ ಹೊತ್ತವಳು ನಾನೊಬ್ಬಳೇ.

ಸೆಮಿಫೈನಲ್ ಹೊಳೆಯಾಚೆಯ ಊರಿನವರ ಜೊತೆ. ಮೂರು ಪಂದ್ಯದಲ್ಲಿ ಎರಡು ಗೆದ್ದವರು ಫೈನಲಿಗೆ. ಮೊದಲ ಪಂದ್ಯ ನಾಲ್ಕು ಪಾಯಿಂಟಿನಲ್ಲಿ ಸೋತೆವು. ಎರಡನೆಯದು ನಮ್ಮ ಹೈಸ್ಕೂಲಿನ ಕೋರ್ಟಿನಲ್ಲಿ. ನೋವು ಇಸ್ಕೊಂಡವರಿಗೆ ಗ್ಯಾಲರಿಯ ಮೊದಲ ಸಾಲಿನಲ್ಲಿ ಜಾಗ, ಕೂರಲು ದಿಂಬು, ಕಚ್ಚಿಕೊಳ್ಳಲು ಒಂದು ಟವಲು. ಪಕ್ಕದಲ್ಲಿ ಕೂತವರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಅದೂ ಮರ್ಯಾದೆಯೇ. ಅವಳು ಒಂದೊಂದು ಸಲ ಹಾರಿ ಇಳಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವಳು ಬೆವರು ಒರೆಸಿಕೊಂಡು ನಗುತ್ತಿದ್ದಳು. ಮೂರನೇ ಕ್ವಾರ್ಟರಿನಲ್ಲಿ ರಿಂಗಿಗೆ ಬಡಿದು ಹಿಂದೆ ಬಂದ ಚೆಂಡಿಗೆ ಹಾರಿದಳು, ಹಿಡಿದಳು, ಯಾರದೋ ಕಾಲಿನ ಮೇಲೆ ಇಳಿದಳು. ನನ್ನ ಮಂಡಿಯೊಳಗೆ ಏನೋ ಟಪ್ಪನೆ ಕಿತ್ತು ಬಂತು. ಟವಲು ಬಾಯಿಂದ ಬಿತ್ತು. ನಾನು ಕೂಗಿದ ಕೂಗಿಗೆ ಇಡೀ ಗ್ಯಾಲರಿ ತಿರುಗಬೇಕಿತ್ತು. ಆದರೆ ಅದೇ ಹೊತ್ತಿಗೆ ದಾಕ್ಷಿ ಬೀಳದೆ ಸಾವರಿಸಿಕೊಂಡು ಚೆಂಡನ್ನು ಬಾಸ್ಕೆಟಿಗೆ ಹಾಕಿದಳು, ಜನ ಹೋ ಎಂದು ಎದ್ದರು, ನನ್ನ ಕೂಗು ಅದರಲ್ಲಿ ಮುಳುಗಿಹೋಯಿತು. ಪಂಕಜಮ್ಮ ಮಾತ್ರ ಬಗ್ಗಿ ಟವಲು ಎತ್ತಿ ನನ್ನ ಕೈಗೆ ತುರುಕಿ, "ಸ್ವಲ್ಪ ತಡ್ಕೊಳ್ಳಮ್ಮ, ಜನ ನೋಡ್ತಾರೆ" ಅಂದರು. ಅವತ್ತು ದಾಕ್ಷಿ ಮೂವತ್ತೊಂದು ಪಾಯಿಂಟು ಹೊಡೆದಳು. ನಾವು ಗೆದ್ದೆವು. ನಾನೂ ಚಪ್ಪಾಳೆ ತಟ್ಟಿದೆ, ಕಣ್ಣಲ್ಲಿ ನೀರು ಸುರಿಸುತ್ತಾ. ಸಂತೋಷಕ್ಕೆ ಎಂದು ಎಲ್ಲರೂ ಅಂದುಕೊಂಡರು.

ಮರುದಿನ ಅವಳ ಮಂಡಿ ಕುಂಬಳಕಾಯಿಯಂತೆ ಊದಿತ್ತು. "ಡಾಕ್ಟರಿಗೆ ತೋರಿಸೇ" ಅಂದೆ. ಹೋಗಿ ಬಂದಳು. ನಮ್ಮೂರ ಡಾಕ್ಟರು ಒಳ್ಳೆಯವರೇ, ಆದರೆ ಅವರಿಗಿರುವುದು ಎರಡು ಕೈ ಮತ್ತು ಒಂದು ಪ್ರಶ್ನೆ: ಇಲ್ಲಿ ಒತ್ತಿದರೆ ನೋವಾಗುತ್ತಾ? ಅವಳು ಇಲ್ಲ ಅಂದಳು. ಇಲ್ಲಿ? ಇಲ್ಲ. ಅವರು ಒತ್ತುತ್ತಿದ್ದಾಗ ನಾನು ಮಾರ್ಕೆಟ್ ಸ್ಟಾಪಿನಲ್ಲಿ ಬಸ್ಸಿನ ಕಂಬಿ ತಬ್ಬಿಕೊಂಡು ನಿಂತಿದ್ದೆ. ಒಳಗೆ ನೋಡುವ ಮೆಷಿನ್ನು ಇರುವುದು ಅರ್ಧ ದಿನದ ದಾರಿಯ ದೊಡ್ಡಾಸ್ಪತ್ರೆಯಲ್ಲಿ. ಯಾವುದಕ್ಕೂ ಮ್ಯಾಚ್ ಮುಗಿದ ಮೇಲೆ ಹೋಗಿ ಬನ್ನಿ ಎಂದು ಬಿಗಿಯಾಗಿ ಬ್ಯಾಂಡೇಜು ಸುತ್ತಿ ಕಳಿಸಿದರಂತೆ.

"ನೋಡಿದ್ರಾ, ಏನೂ ಇಲ್ಲ" ಎಂದು ದಾಕ್ಷಿ ಹಾಲಿನಲ್ಲಿ ಕಾಲು ಚಾಚಿ ಕೂತಳು. "ಒಂದೊಂದು ಸಲ ಕಾಲು ಕೈಕೊಟ್ಟಂಗಾಗುತ್ತೆ ಅಷ್ಟೇ. ಅತ್ತಿಗೆ, ತಿನ್ನಕ್ಕೆ ಏನಾದ್ರೂ ಇದ್ಯಾ?"

ನಾನು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅವಲಕ್ಕಿ ಕಲಸಿಕೊಂಡು ಬಂದು, ಅವಳ ಮುಂದೆ ಇಟ್ಟು, "ದಾಕ್ಷಿ, ಇದು ಮುಂಚಿನ ಹಾಗಿಲ್ಲ ಕಣೇ" ಅಂದೆ. ಅಷ್ಟು ಅನ್ನುವುದಕ್ಕೇ ನನ್ನ ಕಿವಿ ಬಿಸಿಯಾಯಿತು.

ಅವಳು ತಟ್ಟೆಯಿಂದ ಮುಖ ಎತ್ತಿದಳು. ಅವಳಿಗೂ ಮುಜುಗರ. "ಕಷ್ಟ ಆದ್ರೆ ಬೇರೆ ಯಾರಿಗಾದ್ರೂ ದಾಟಿಸಿ ಅತ್ತಿಗೆ. ಪೋಸ್ಟಾಫೀಸಿನವರು ಕೇಳ್ತಾನೇ ಇದ್ದಾರೆ. ನಾನೇನೂ ಅಂದ್ಕೊಳ್ಳಲ್ಲ."

ಅವಳ ತಪ್ಪು ಅನ್ನಲೇ? ಹುಟ್ಟಿದಾಗಿನಿಂದ ಒಂದು ಜ್ವರದ ತಲೆನೋವನ್ನೂ ಅವಳೇ ಅನುಭವಿಸಿದವಳಲ್ಲ. ಮೂವರು ಅಣ್ಣಂದಿರ ಮೇಲೆ ಒಬ್ಬಳೇ ಹೆಣ್ಣು ಎಂದು ಅತ್ತೆ ಮಾವ ಇರುವತನಕ ಎಲ್ಲವನ್ನೂ ಇಸ್ಕೊಂಡಿದ್ದರು. ಇಪ್ಪತ್ತಮೂರು ವರ್ಷದ ಆ ಮೈಗೆ ನೋವು ಎಂದರೆ ಏನೆಂದೇ ಗೊತ್ತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಎರಡಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಮೈಯೆಲ್ಲ ಹಣ್ಣಾಗಿತ್ತು.

ಗುರುವಾರ ಊಟದ ಬಿಡುವಿನಲ್ಲಿ ಹೈಸ್ಕೂಲಿಗೆ ಹೋದೆ. ವಿಕ್ಟರ್ ಸರ್ ಸ್ಟೋರ್ ರೂಮಿನಲ್ಲಿ ಕೂತು ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು. ಸಣಕಲು ಮನುಷ್ಯ, ಕೊರಳಲ್ಲಿ ಸೀಟಿ ಇಲ್ಲದಿದ್ದರೆ ಯಾರೂ ಗುರುತು ಹಿಡಿಯುವುದಿಲ್ಲ.

"ಸರ್, ಅವಳ ಮಂಡಿಯೊಳಗೆ ಏನೋ ಕಿತ್ತುಹೋಗಿದೆ" ಅಂದೆ.

ಪಂಪು ನಿಂತಿತು. "ಕೊಟ್ರಮ್ಮ, ಆ ಮಾತು ನೀವು ಆಡಬಾರದು."

"ಆಡಬಾರದು ಅಂತ ಸುಮ್ಮನಿದ್ದೇ ಇಲ್ಲಿಗೆ ಬಂದು ಮುಟ್ಟಿರೋದು ಸರ್. ನಾವು ನೋವು ಇಸ್ಕೊಂಡ್ವಿ, ಗಾಯ ಅವಳ ಹತ್ರಾನೇ ಉಳೀತು. ಅವಳಿಗೆ ಗೊತ್ತಾಗಲ್ಲ, ನಮಗೆ ಗೊತ್ತಾದ್ರೆ ಹೇಳಂಗಿಲ್ಲ. ಇನ್ನೊಂದು ಸಲ ಹಂಗೆ ಇಳಿದ್ರೆ ಅವಳು ಆಟ ಬಿಡಿ, ನೆಟ್ಟಗೆ ನಡೆಯೋದೂ ಇಲ್ಲ. ಭಾನುವಾರ ಅವಳನ್ನ ಕೂರಿಸಿ."

ಅವರು ಬಹಳ ಹೊತ್ತು ಚೆಂಡನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. "ಅವಳಿಲ್ಲದೆ ಈ ವರ್ಷ ಎರಡು ಮ್ಯಾಚ್ ಆಡಿದ್ವಿ. ಒಂದ್ರಲ್ಲಿ ಇಪ್ಪತ್ತೆರಡು, ಒಂದ್ರಲ್ಲಿ ಹತ್ತೊಂಬತ್ತು ಪಾಯಿಂಟಲ್ಲಿ ಸೋತ್ವಿ. ಅವಳು ಕೂತ್ರೆ ನಾವು ಮ್ಯಾಚಿಗೆ ಹೋಗೋದೇ ಬೇಡ, ಮನೇಲಿರಬಹುದು. ನಲವತ್ತು ನಿಮಿಷ ಕೊಟ್ರಮ್ಮ. ಅಷ್ಟೇ. ಆಮೇಲೆ ಒಂದು ವರ್ಷ ಮಲಗಲಿ ಬೇಕಾದ್ರೆ."

"ಗೆದ್ರೆ ಫೈನಲ್ ಇರುತ್ತಲ್ಲ ಸರ್?"

ಅವರು ಚೆಂಡನ್ನು ಕೆಳಗಿಟ್ಟರು. "ನಿಮಗೆ ಆಗ್ತಿಲ್ಲ ಅಂದ್ರೆ ನನಗೆ ಕೊಡಿ, ನಾನು ಇಸ್ಕೋತೀನಿ" ಎಂದು ಕೈ ಮುಂದೆ ಮಾಡಿದರು. ಮನುಷ್ಯ ನಿಜವಾಗಿಯೇ ಕೇಳುತ್ತಿದ್ದರು, ಮೋಸವಿರಲಿಲ್ಲ. ಒಂದು ಮಾತು ಅಂದಿದ್ದರೆ ನಾನು ಆ ಸ್ಟೋರ್ ರೂಮಿನಿಂದ ಹಗುರವಾಗಿ ನಡೆದು ಹೊರಗೆ ಬರಬಹುದಿತ್ತು. ಎಷ್ಟು ಆಸೆಯಾಯಿತು ಗೊತ್ತೇ? ಆದರೆ ಅವರ ಮಂಡಿಗೆ ಹೋದರೆ ಆ ನೋವು ಅಲ್ಲೇ ಹೂತುಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬೇಡ ಸರ್ ಎಂದು ಎದ್ದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಷಡಕ್ಷರಿ ಗಡಿಯಾರ ರಿಪೇರಿಯವರು, ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಕೇಳಿಸಿಕೊಂಡರು. "ನೀನು ಹೇಳೋದು ನಿಜಾನೇ ಇರಬಹುದು" ಅಂದರು. "ಆದ್ರೆ ಏನಾದ್ರೂ ಮಾಡಕ್ಕೆ ಹೋದ್ರೆ ಜನ ಏನಂತಾರೆ ಯೋಚನೆ ಮಾಡು. ಅತ್ತಿಗೆಗೆ ಹೊಟ್ಟೆಕಿಚ್ಚು ಅಂತಾರೆ. ಇವಳ ಜೆರ್ಸಿ ಒಗೆದು ಒಗೆದು ಸಾಕಾಯ್ತು ಅಂತ ನೀನು ನಲ್ಲಿ ಹತ್ರ ಕೂಗಾಡಿದ್ದು ಬೀದಿಗೆಲ್ಲ ಗೊತ್ತು."

ಕೂಗಾಡಿದ್ದು ನಿಜ. ಇನ್ನೂ ಕೂಗಾಡುತ್ತೇನೆ. ಕೆಂಪು ಮಣ್ಣಿನ ಕೋರ್ಟಿನಲ್ಲಿ ಪ್ರಾಕ್ಟೀಸು ಮಾಡಿ ಬಂದ ಬಿಳಿ ಜೆರ್ಸಿ ಒಗೆದವರಿಗೆ ಗೊತ್ತು ಅದರ ಸುಖ. ಆದರೆ ಹೊಟ್ಟೆಕಿಚ್ಚು ಅನ್ನುವ ಮಾತು ಕೇಳಿ ನನಗೆ ಧೈರ್ಯ ಉಡುಗಿತು. ಈ ಊರಿನಲ್ಲಿ ಇನ್ನೂ ಹದಿನೇಳು ವರ್ಷ ನಾನು ಟಿಕೆಟ್ ಹರಿಯಬೇಕು, ಇದೇ ಜನರ ಮುಖ ನೋಡಬೇಕು. ಹೋಗಲಿ, ನಲವತ್ತು ನಿಮಿಷ ತಾನೇ, ದೇವರಿದ್ದಾನೆ ಅಂದುಕೊಂಡೆ. ನನಗೂ ಗೆಲ್ಲುವ ಆಸೆ ಇತ್ತು ಎನ್ನುವುದನ್ನು ಯಾಕೆ ಮುಚ್ಚಿಡಲಿ? ಇಪ್ಪತ್ತೆರಡು ವರ್ಷದಿಂದ ಸೋತು ಬಂದ ಹುಡುಗಿಯರನ್ನು ನನ್ನ ಬಸ್ಸಿನಲ್ಲೇ ಮನೆಮನೆಗೆ ಇಳಿಸಿದ್ದೇನೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಮೂರನೇ ಪಂದ್ಯ, ಅದೂ ನಮ್ಮ ಕೋರ್ಟಿನಲ್ಲೇ. ಬಿಸಿಲಿಗೆ ಸಿಮೆಂಟಿನ ಗ್ಯಾಲರಿ ಸುಡುತ್ತಿತ್ತು, ಆದರೂ ಕಾಲಿಡಲು ಜಾಗವಿಲ್ಲ. ಹೊಳೆಯಾಚೆಯವರೂ ಎರಡು ಲಾರಿಯಲ್ಲಿ ಬಂದಿದ್ದರು. ನನ್ನ ದಿಂಬು, ನನ್ನ ಟವಲು ಸಿದ್ಧವಾಗಿದ್ದವು. ಸೀಟಿ ಊದಿದ ಮೇಲೆ ನಾನು ಚೆಂಡು ನೋಡಲೇ ಇಲ್ಲ, ಅವಳ ಕಾಲು ನೋಡಿದೆ. ಅವಳು ಬಲಕ್ಕೆ ತಿರುಗಿದಾಗಲೆಲ್ಲ ಮಂಡಿ ಒಂದು ಕ್ಷಣ ಒಳಗಡೆಗೆ ವಾಲುತ್ತಿತ್ತು, ಕೀಲು ಸಡಿಲಾದ ಬಾಗಿಲಿನ ಹಾಗೆ. ಅವಳಿಗೆ ಪರಿವೆಯೇ ಇಲ್ಲ. ಆ ವಾಲಾಟದ ಒಂದೊಂದನ್ನೂ ನಾನು ಟವಲಿನೊಳಗೆ ನುಂಗಿದೆ. ಎರಡನೇ ಕ್ವಾರ್ಟರಿನ ಕೊನೆಗೆ ಒಬ್ಬಳನ್ನು ತಪ್ಪಿಸಿ ಹಾರಲು ಕಾಲು ಊರಿದಳು, ಇನ್ನೊಬ್ಬಳು ಬಂದು ಡಿಕ್ಕಿ ಹೊಡೆದಳು, ಮಂಡಿ ಮಡಚಿಕೊಂಡಿತು, ಬಿದ್ದಳು. ನನಗೆ ಎರಡು ನಿಮಿಷ ಎಚ್ಚರ ತಪ್ಪಿತ್ತು ಎಂದು ಆಮೇಲೆ ಪಂಕಜಮ್ಮ ಹೇಳಿದರು. ಕಣ್ಣು ಬಿಟ್ಟಾಗ ದಾಕ್ಷಿ ಮೇಲೆದ್ದು, ಮಣ್ಣು ಕೊಡವಿಕೊಂಡು, ಫ್ರೀ ಥ್ರೋ ಹಾಕುತ್ತಿದ್ದಳು. ಎರಡೂ ಒಳಗೆ ಹೋದವು. ಜನ ಕುಣಿಯುತ್ತಿದ್ದರು. ಅರ್ಧ ಆಟಕ್ಕೆ ನಮ್ಮದು ಮೂವತ್ತನಾಲ್ಕು, ಅವರದು ಇಪ್ಪತ್ತೊಂಬತ್ತು.

ನಾನು ಎದ್ದೆ. ಧೈರ್ಯ ಬಂದು ಎದ್ದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಸಾಕಾಗಿತ್ತು, ಅಷ್ಟೇ. ಇನ್ನು ಇಪ್ಪತ್ತು ನಿಮಿಷ ಅವಳ ಕಾಲು ಮುರಿಯುವುದನ್ನು ನನ್ನ ಕಾಲಿನೊಳಗೆ ಕೂತು ನೋಡುವುದು ನನ್ನಿಂದ ಆಗುವಂತಿರಲಿಲ್ಲ. ಗ್ಯಾಲರಿಯ ಮುಂದಿನ ಕಂಬಿ ಹಿಡಿದು, ಆಮೇಲೆ ಗೋಡೆ ಹಿಡಿದು, ಆಮೇಲೆ ಹಿಡಿಯಲು ಏನೂ ಇಲ್ಲದೆ ಕುಂಟುತ್ತಾ ಕೋರ್ಟು ದಾಟಿದೆ. ಏನೋ ಶಾಲು ಹೊದಿಸಲು ಬರುತ್ತಿದ್ದಾಳೆ ಎಂದು ಜನ ಚಪ್ಪಾಳೆ ತಟ್ಟಿದರು! ದಾಕ್ಷಿ ಬೆಂಚಿನಲ್ಲಿ ಕೂತು ನೀರು ಕುಡಿಯುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು.

"ಅತ್ತಿಗೆ! ನೋಡಿದ್ರಾ ಆಟ? ಗೆಲ್ತೀವಿ ಇವತ್ತು."

ನಾನು ಅವಳ ಮುಂದೆ ನೆಲದ ಮೇಲೆ ಕುಸಿದೆ. ಬ್ಯಾಂಡೇಜಿನ ಮೇಲೆ ಅಂಗೈ ಇಟ್ಟೆ. ಆಗ ಅವಳಿಗೆ ಅರ್ಥವಾಯಿತು. "ಬೇಡ ಅತ್ತಿಗೆ, ಈಗ ಬೇಡ" ಎಂದು ನನ್ನ ಕೈ ಹಿಡಿದಳು. ಹಿಂದಿನಿಂದ ವಿಕ್ಟರ್ ಸರ್, "ಕೊಟ್ರಮ್ಮ!" ಅಂದರು.

"ನಿಂದು ನಿಂಗೆ" ಅಂದೆ.

ಅವಳ ಕೈಯಿಂದ ನೀರಿನ ಬಾಟಲು ಬಿತ್ತು. ಮೊದಲು ದನಿಯೇ ಬರಲಿಲ್ಲ, ಬಾಯಿ ಮಾತ್ರ ತೆರೆಯಿತು. ಆಮೇಲೆ ಬಂದ ದನಿಗೆ ಇಡೀ ಗ್ಯಾಲರಿ ಗಪ್ಪೆಂದಿತು. ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದು, ಎರಡೂ ಕೈಯಲ್ಲಿ ಮಂಡಿ ಅವುಚಿಕೊಂಡು, ಅವಳು ಹಸುಗೂಸಿನ ಹಾಗೆ ಅತ್ತಳು. ನನ್ನ ಕಾಲು ಹತ್ತಿಯ ಹಾಗೆ ಹಗುರವಾಗಿತ್ತು. ಆ ಹಗುರಕ್ಕೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವಳ ಪಕ್ಕದಿಂದ ಏಳಲಿಲ್ಲ.

ಆಮೇಲೆ ಗ್ಯಾಲರಿ ಖಾಲಿಯಾಗಿ ನಮ್ಮ ಮೇಲೆ ಬಿತ್ತು. ಯಾರೋ ನನ್ನ ಕಿವಿಗೆ ಕೇಳುವ ಹಾಗೆಯೇ, "ತೀರಿಸ್ಕೊಂಡ್ಲು ನೋಡು ಹೊಟ್ಟೆಕಿಚ್ಚು" ಅಂದರು. ಎಲ್ಲರಿಗಿಂತ ಮುಂಚೆ ಓಡಿ ಬಂದದ್ದು ನನ್ನ ಗಂಡ. ಮಂಡಿಯೂರಿ, "ಕೊಡ್ತೀಯೇನೇ? ನಂಗೆ ಕೊಡು, ಕೊಡೇ ದಾಕ್ಷಿ" ಎಂದು ಅಂಗೈ ಚಾಚಿದರು. ಪಕ್ಕದಲ್ಲಿ ಪುಟ್ಟಸ್ವಾಮಿ. ಹೆಡ್‌ಮಾಸ್ಟರು ಭುಜದ ನೋವಿನ ಜೊತೆಗೆ ಇದನ್ನೂ ತಗೋತೀನಿ ಎಂದು ಬಲಗೈ ಚಾಚಿದರು. ಪೋಸ್ಟಾಫೀಸಿನವರು, ಪಂಕಜಮ್ಮ, ಹೆಸರು ಗೊತ್ತಿಲ್ಲದ ಇನ್ನೂ ಹತ್ತು ಹನ್ನೆರಡು ಜನ. ಅಂಗೈಗಳೇ ಅಂಗೈಗಳು. ಕೊಡ್ತೀಯಾ? ಕೊಡ್ತೀಯಾ? ಯಾರ ಮುಖದಲ್ಲೂ ಕೆಟ್ಟತನವಿರಲಿಲ್ಲ. ಅವಳ ಬಾಯಿಂದ "ತಗೋ" ಎಂದು ಒಂದೇ ಮಾತು ಬಂದರೆ, ಅವಳು ಎದ್ದು ನಿಲ್ಲುತ್ತಾಳೆ, ಐದು ಪಾಯಿಂಟು ಮುಂದಿದ್ದೇವೆ, ಫೈನಲ್. ವಿಕ್ಟರ್ ಸರ್ ಮಾತ್ರ ಕೈ ಚಾಚಲಿಲ್ಲ. ಕೊರಳಿನ ಸೀಟಿ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು.

ದಾಕ್ಷಿ ಆ ಕೈಗಳನ್ನೆಲ್ಲ ನೋಡಿದಳು. ಸ್ಕೋರ್ ಬೋರ್ಡಿನ ಕಡೆ ನೋಡಿದಳು. ತುಟಿ ಆಡಿತು. ನಾನು ಕಣ್ಣು ಮುಚ್ಚಿಕೊಂಡೆ, ಆ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ.

"ಯಾರೂ ಮುಟ್ಟಬೇಡಿ" ಅಂದಳು. "ಅಣ್ಣ, ಕೈ ತೆಗಿ. ಇದನ್ನ ಯಾರಿಗೂ ಕೊಡಲ್ಲ ನಾನು."

ಅಂಗೈಗಳು ಒಂದೊಂದಾಗಿ ಹಿಂದೆ ಸರಿದವು. ವಿಕ್ಟರ್ ಸರ್ ಬೆಂಚಿನ ಕೊನೆಯಲ್ಲಿ ಕೂತಿದ್ದ ಹುಡುಗಿಗೆ, "ವನಮಾಲಾ, ಶೂ ಲೇಸ್ ಕಟ್ಕೊ. ನೀನು ಇಳೀತೀಯ" ಅಂದರು. ಆ ಹುಡುಗಿಗೆ ಗಂಟು ಹಾಕಲು ಎರಡು ಸಲ ಬೇಕಾಯಿತು.

ಉಳಿದ ಆಟವನ್ನು ದಾಕ್ಷಿ ಬೆಂಚಿನಲ್ಲಿ ಕೂತು ನೋಡಿದಳು, ಕಾಲನ್ನು ನನ್ನ ತೊಡೆಯ ಮೇಲೆ ಚಾಚಿಕೊಂಡು. ಆಸ್ಪತ್ರೆಗೆ ಹೊರಡೋಣ ಎಂದು ನನ್ನ ಗಂಡ ಎರಡು ಸಲ ಕೇಳಿದರು. ಮುಗಿಯಲಿ ಅಂದಳು. ಹುಡುಗಿಯರು ಬಿದ್ದು ಎದ್ದು ಆಡಿದರು, ಸುಳ್ಳು ಹೇಳಬಾರದು. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಸಮಸಮ ಆಗಿತ್ತು. ಆಮೇಲೆ ಹೊಳೆಯಾಚೆಯವರ ಉದ್ದನೆಯ ಹುಡುಗಿಯರು ರಿಂಗಿನ ಕೆಳಗೆ ಕೋಟೆ ಕಟ್ಟಿಕೊಂಡು ನಿಂತರು. ನಮ್ಮವರ ಚೆಂಡು ಅತ್ತ ಬಡಿಯಿತು, ಇತ್ತ ಬಡಿಯಿತು, ಒಳಗೆ ಹೋಗಲಿಲ್ಲ. ಚೆಂಡು ಒಂದೊಂದು ಸಲ ಹೊರಗೆ ಬಿದ್ದಾಗಲೂ ದಾಕ್ಷಿಯ ಕೈ ನನ್ನ ಕೈಯನ್ನು ಹಿಂಡುತ್ತಿತ್ತು. ಅದು ಸೋಲಿಗೋ ಮಂಡಿಗೋ ನನಗೆ ತಿಳಿಯಲಿಲ್ಲ. ಹನ್ನೊಂದು ಪಾಯಿಂಟಿನಲ್ಲಿ ಸೋತೆವು.

ಜನ ಹೊರಟರು. ನಮ್ಮ ಬೆಂಚಿನ ಮುಂದೆಯೇ ಹಾದು ಹೋಗಬೇಕು, ಹಾದು ಹೋದರು, ಯಾರೂ ನನ್ನ ಕಡೆ ನೋಡಲಿಲ್ಲ. ಪುಟ್ಟಸ್ವಾಮಿ ಒಬ್ಬರು ನಿಂತು, ತಲೆ ಬಗ್ಗಿಸಿ ಹೋದರು. ನನ್ನ ಗಂಡ ಆಟೋ ತರಲು ಓಡಿದರು. ಕೋರ್ಟಿನಲ್ಲಿ ನಾವಿಬ್ಬರೇ ಉಳಿದೆವು. ದಾಕ್ಷಿ ತಲೆ ಬಗ್ಗಿಸಿ, ತುಟಿ ಕಚ್ಚಿ, ನೋವು ಒಂದು ಸಲ ಏರಿ ಇಳಿಯುವವರೆಗೆ ಕಾದು, ಆಮೇಲೆ ಮಾತಾಡಿದಳು.

"ಇದನ್ನ ಇಟ್ಕೊಂಡು ನೀವು ಬಸ್ಸಲ್ಲಿ ನಿಂತ್ರಾ ಅತ್ತಿಗೆ?"

"ನಿಂತೆ."

"ನನಗೆ ಅವಲಕ್ಕಿ ಕಲಸಿಕೊಟ್ರಿ."

"ಹೂಂ."

ರಸ್ತೆಯ ಕಡೆ ಆಟೋ ಸದ್ದು ಕೇಳಿಸಿತು.

"ಹೇಗಿದೆ ಅಂತ ನಾನು ಒಂದು ದಿನಾನೂ ಕೇಳ್ಲೇ ಇಲ್ಲ, ಅಲ್ವಾ?"

"ಇಲ್ಲ ಕಣೇ, ಕೇಳ್ಲಿಲ್ಲ" ಅಂದೆ. ಸಮಾಧಾನಕ್ಕೆ ಒಂದು ಸುಳ್ಳು ಹೇಳುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.